ಮೂರನೆಯ ಕೂಗಿಗೆ ಮೊದಲು

ಹಾಲುಕಾನು ನೆರಳೂರು,
ಮೇ ತಿಂಗಳ ನಲವತ್ತಮೂರನೆಯ ದಿನ, ೨೧೭೯

ಹಿಂದಿನ ಕಾಲದ ಹಿರಿಯರಿಗೆ ವಾರಿಜಳ ನಮಸ್ಕಾರಗಳು.

ನಾವಿಲ್ಲಿ ಸದ್ಯಕ್ಕೆ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವ ಹಾಗಿಲ್ಲ, ಏಕೆಂದರೆ ಈ ಓಲೆಗಳು ಹಿಂದಕ್ಕೆ ಹೋಗುತ್ತವೆಯೇ ಹೊರತು ಮುಂದಕ್ಕೆ ಬರುವುದಿಲ್ಲ. ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ಎಣಿಸಲು ಬರುವುದಿಲ್ಲ ಎಂದು ನಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವ ತನಕ ಮೇ ಮುಗಿಯುವುದಿಲ್ಲ. ಮಳೆ ಬಿದ್ದ ಮರುದಿನವೇ ಜೂನ್ ಶುರು. ಆ ಜೂನ್ ಪಾಪ, ಉಳಿದಷ್ಟು ದಿನ ತೆಗೆದುಕೊಂಡು ತೆಪ್ಪಗಿರುತ್ತದೆ. ನಾನು ನಿಮ್ಮ ಕಾಲದ ಪುಸ್ತಕಗಳನ್ನು ಓದಿಯೇ ಬರೆಯಲು ಕಲಿತವಳು. ಆದರೂ ನಡುನಡುವೆ ನಮ್ಮ ಕಾಲದ ಮಾತುಗಳು ನುಸುಳುತ್ತವೆ. ಅವು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು. ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಇದೇ, ಹಿಂದೋಲೆ. ಹಿಂದಿನವರಿಗೆ ಬರೆಯುವ ಓಲೆ. ಒಬ್ಬರಿಗೆ ಬಾಳಿಗೆ ಒಂದೇ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ, ಕೊಡುವಲ್ಲಿ ಕೊಟ್ಟು ಬರುತ್ತೇವೆ. ನನ್ನ ಗಂಡ ಓಬಯ್ಯ ತನ್ನದನ್ನು ಹರೆಯದಲ್ಲೇ ಮುಗಿಸಿಬಿಟ್ಟ. ಐಸ್‌ಕ್ರೀಮ್ ಎಂದರೆ ಹೇಗಿರುತ್ತದೆ ಎಂದು ಕೇಳಿದ್ದನಂತೆ. ಉತ್ತರ ಬರುವುದಿಲ್ಲ ಎಂಬುದು ಆ ಮಹಾನುಭಾವನಿಗೆ ಹೊಳೆದಿರಲಿಲ್ಲ. ನಾನು ನನ್ನದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾದರೆ ಮನ್ನಿಸಿ. ಇದು ನನ್ನ ತಂಗಿ ಶೇಷಿಯ ಜೀವದ ವಿಷಯ. ಅವಳ ಜೀವ ನಿಮ್ಮ ಕೈಯಲ್ಲಿದೆ ಎಂದರೆ ನಿಮಗೆ ವಿಚಿತ್ರವೆನಿಸಬಹುದು, ಆದರೆ ಕಡೆಯವರೆಗೆ ಓದಿ.

ನಾವು ನೆರಳೂರಿನವರು. ಅಂದರೆ ಕಣಿವೆಯೊಳಗೆ, ದಟ್ಟ ಕಾನಿನ ಅಡಿಯಲ್ಲಿ ಬಾಳುವವರು. ಬೇಸಿಗೆಯ ನಡುಹಗಲನ್ನು ನಾವು ಉರಿಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಬಯಲಿಗೆ ಬಿದ್ದವರು ಬದುಕುವುದಿಲ್ಲ. ಹಾಗಾಗಿ ನಮ್ಮ ಮನೆ, ದಾರಿ, ಕೆಸುವಿನ ಪಾತಿ, ದನದ ಕೊಟ್ಟಿಗೆ, ಸುಡುಗಾಡು ಎಲ್ಲವೂ ಮರಗಳ ಕೆಳಗೇ ಇವೆ. ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿ ಹಲಸಿನ ಬೀಜದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿಡುತ್ತೇವೆ, ಆಮೇಲೆ ಬೆಂಕಿ ಮುಟ್ಟುವಂತಿಲ್ಲ. ಉರಿಹೊತ್ತಿನಲ್ಲಿ ಇಡೀ ಊರು ಒದ್ದೆ ಚಾಪೆಯ ಮೇಲೆ ಮಲಗಿರುತ್ತದೆ. ಆಕಾಶವೆಂದರೆ ನಮಗೆ ಎಲೆಗಳ ಸಂದಿಯಲ್ಲಿ ಕಾಣುವ ಬಿಳಿ ಚುಕ್ಕೆಗಳು. ಕಣ್ಣಿಗೆ ಬೀಳುವ ಅತಿ ದೂರದ ವಸ್ತುವೆಂದರೆ ಪಕ್ಕದ ಮನೆಯ ಬಚ್ಚಲು. ಅದಕ್ಕೇ ನಮ್ಮ ಮಾತಿನಲ್ಲಿ 'ಕಾಣ್ತದೆ' ಎಂದರೆ ಹತ್ತಿರದಲ್ಲಿದೆ ಎಂದೇ ಅರ್ಥ. ಹಳ್ಳ ಎಲ್ಲಿ ಎಂದು ಯಾರಾದರೂ ಕೇಳಿದರೆ 'ಇಲ್ಲೇ ಕಾಣ್ತದಲ್ಲ' ಎನ್ನುತ್ತೇವೆ, ಕೈ ಚಾಚಿದರೆ ಸಿಗುತ್ತದೆ ಎನ್ನುವ ಹಾಗೆ. ಕಾಣದ್ದೆಲ್ಲ ದೂರ. ಆ ದೂರವನ್ನು ಕೂಗಿನಲ್ಲಿ ಅಳೆಯುತ್ತೇವೆ, ಒಂದು ಕೂಗು, ಎರಡು ಕೂಗು ಎಂದು. ನಿಮ್ಮ ಪುಸ್ತಕಗಳಲ್ಲೂ ಕೂಗಳತೆ ಎಂಬ ಮಾತು ಬರುತ್ತದೆ, ಆದರೆ ನೀವು ಅದನ್ನು ಆಟಕ್ಕೆ ಬಳಸಿದಂತಿದೆ. ನಮಗೆ ಬೇರೆ ಅಳತೆಯೇ ಇಲ್ಲ.

ಕೂಗಿದವರಿಗೆ ಓಗೊಡದೆ ಇರುವುದು ನಮ್ಮಲ್ಲಿ ದೊಡ್ಡ ತಪ್ಪು. ಹೆಸರು ಕೇಳಿದ ತಕ್ಷಣ 'ಓ' ಅನ್ನಬೇಕು. ಅಡುಗೆಮನೆಯಲ್ಲಿರಲಿ, ಹಳ್ಳದಲ್ಲಿರಲಿ, ಜಗಳದ ನಡುವೆಯೇ ಇರಲಿ, ಓ ಮೊದಲು, ಉಳಿದದ್ದು ಆಮೇಲೆ. ನಿದ್ದೆಗಣ್ಣಿನಲ್ಲೂ ನಮ್ಮ ಬಾಯಿಂದ ಓ ಹೊರಡುತ್ತದೆ. ಯಾರಾದರೂ ಸತ್ತರೆ ನಾವು ಸತ್ತರು ಎನ್ನುವುದಿಲ್ಲ, ಓ ನಿಂತಿತು ಎನ್ನುತ್ತೇವೆ. ಹೆಣದ ಪಕ್ಕ ನಿಂತು ಮೂರು ಸಲ ಹೆಸರು ಕೂಗುವುದು ಕ್ರಮ. ಮೂರನೆಯದಕ್ಕೂ ಓ ಬರದಿದ್ದರೆ ಮುಗಿಯಿತು. ಕಾಡಿನಲ್ಲಿ ಕಳೆದುಹೋದವರಿಗೂ ಇದೇ ಕ್ರಮ. ಮೂರನೆಯ ಕೂಗಿನ ಮೇಲೆ ಅವರನ್ನು ಹುಡುಕಿಕೊಂಡು ಯಾರೂ ಹೋಗುವ ಹಾಗಿಲ್ಲ. ಸತ್ತವರ ಹಿಂದೆ ಬದುಕಿದವರೂ ಹೋಗಬಾರದು ಎಂದು ನಮ್ಮ ಹಿಂದಿನವರು ಬಹಳ ಜನರನ್ನು ಕಳೆದುಕೊಂಡು ಮಾಡಿಟ್ಟ ಕಟ್ಟು ಅದು. ಒಳ್ಳೆಯ ಕಟ್ಟೇ. ನನ್ನ ಮನೆಯ ಬಾಗಿಲಿಗೆ ಬರುವ ತನಕ ನಾನೂ ಅದನ್ನು ಒಳ್ಳೆಯದೆಂದೇ ಹೇಳುತ್ತಿದ್ದೆ.

ಕಾನಿನ ಮೇಲೆ, ಗುಡ್ಡದ ನೆತ್ತಿಯಲ್ಲಿ ಮರಗಳು ನಿಂತುಹೋಗುವ ಒಂದು ಗೆರೆಯಿದೆ. ಅದನ್ನು ಮರಗಡಿ ಎನ್ನುತ್ತೇವೆ. ಅದರಾಚೆಯ ಹುಲ್ಲುಗುಡ್ಡಗಳಿಗೆ ಬೋಳು ಎಂದು ಹೆಸರು. ಆ ಹುಲ್ಲಿನ ಬೇರುಗಳು ಮಳೆನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಹನಿಹನಿಯಾಗಿ ನಮ್ಮ ಹಳ್ಳಕ್ಕೆ ಬಿಡುತ್ತವೆ. ನಿಮ್ಮವರು ಬೋಳನ್ನು ಕಂಡು ಅಯ್ಯೋ ಪಾಪ ಎಂದು ಮರುಗಿ, ಒಳ್ಳೆಯ ಮನಸ್ಸಿನಿಂದಲೇ, ಅಲ್ಲಿ ಸಾಲು ಸಾಲಾಗಿ ಅಕೇಶಿಯಾ ನೆಟ್ಟಿರಿ. ಅದರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹುಲ್ಲನ್ನು ತಿನ್ನುತ್ತಾ ಹಬ್ಬುತ್ತಿದ್ದಾರೆ. ಮರಗಡಿ ಮೇಲೇರಿದಷ್ಟೂ ನಮ್ಮ ಹಳ್ಳ ಸೊರಗುತ್ತದೆ. ಮರದ ನೆರಳಲ್ಲಿ ಹುಟ್ಟಿ ಮರದ ನೆರಳಲ್ಲೇ ಸಾಯುವ ನಾವು ವರ್ಷಕ್ಕೊಂದು ದಿನ, ಮೇ ಕೊನೆಯಲ್ಲಿ, ಮರದ ಸಸಿಗಳನ್ನು ಕೀಳಲು ಬೋಳಿಗೆ ಹತ್ತುತ್ತೇವೆ. ಮನೆಗಿಬ್ಬರು ಹೋಗಲೇಬೇಕು. ಮುಂಜಾವಿನಲ್ಲಿ ಮರಗಡಿ ದಾಟಿ, ಕಿತ್ತು, ಉರಿಹೊತ್ತಿಗೆ ಮೊದಲು ನೆರಳಿಗೆ ಮರಳಬೇಕು. ಅಷ್ಟು ಹೊತ್ತಿನಲ್ಲಿ ಹೋಗಿಬರಲಾಗದ ಗುಡ್ಡಗಳಿಗೆ ಯಾರೂ ಕಾಲಿಟ್ಟಿಲ್ಲ.

ಈ ವರ್ಷ ನಾನೂ ಓಬಯ್ಯನೂ ಹೋಗಬೇಕಿತ್ತು. ಅವನು ಹಿಂದಿನ ದಿನ ಹಳ್ಳದ ಕಲ್ಲಿನ ಮೇಲೆ ಜಾರಿ ಪಾದ ಉಳುಕಿಸಿಕೊಂಡ. ಶೇಷಿ ತಾನು ಬರುತ್ತೇನೆಂದು ಸೆರಗು ಸಿಕ್ಕಿಸಿದಳು. ನಮ್ಮ ಜೊತೆಯಲ್ಲೇ ಇರುವ ಅವಳಿಗೆ ನಲವತ್ತು ದಾಟಿದರೂ ನನ್ನ ಮಾತೆಂದರೆ ಗೋಡೆಗೆ ಹೇಳಿದ ಹಾಗೆ. ಬೋಳನ್ನು ಅವಳು ಕಂಡೇ ಇರಲಿಲ್ಲ. ನಾನು ಎರಡು ಸಲ ಹೋಗಿದ್ದವಳು, ಎರಡು ಸಲವೂ ವಾಂತಿ ಮಾಡಿಕೊಂಡು ಬಂದಿದ್ದವಳು. ದಾರಿಯುದ್ದಕ್ಕೂ ಅವಳಿಗೆ ಬುದ್ಧಿ ಹೇಳಿದೆ. ಅಲ್ಲಿ ಕಣ್ಣನ್ನು ನಂಬಬೇಡ, ಕಂಡದ್ದೆಲ್ಲ ಹತ್ತಿರವಲ್ಲ, ನನ್ನ ಸೆರಗು ಬಿಡಬೇಡ. ಅವಳು ತಲೆಯ ಮೇಲಿನ ಒದ್ದೆ ಬಟ್ಟೆಯನ್ನು ಹಿಂಡಿಕೊಳ್ಳುತ್ತಾ ನಕ್ಕಳು.

"ನೀನು ಹುಟ್ಟುವಾಗ್ಲೇ ಹೆದರಿಕೊಂಡು ಹುಟ್ಟಿದ್ಯಂತೆ. ಅವ್ವ ಹೇಳ್ತಿತ್ತು."

ಏರಿದಂತೆ ಮರಗಳು ಗಿಡ್ಡವಾಗುತ್ತಾ ಬಂದವು. ಮೊದಲು ಮನೆಯೆತ್ತರ, ಆಮೇಲೆ ಆಳೆತ್ತರ, ಕೊನೆಗೆ ಗಾಳಿಗೆ ಗೂನು ಬಿದ್ದು ನಮ್ಮ ಸೊಂಟಕ್ಕೆ ಬಂದು ನಿಂತವು. ಮರಗಡಿಯಲ್ಲಿ ಒಂದು ಪದ್ಧತಿಯಿದೆ. ಹೊಸಬರು ಕೊನೆಯ ಮರಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂರಬೇಕು. ಮೊದಲು ಪಾದದ ಹತ್ತಿರದ ಹುಲ್ಲು ನೋಡಬೇಕು, ಆಮೇಲೆ ಒಂದು ಕಲ್ಲೆಸೆದು ಅದು ಬಿದ್ದ ಜಾಗ ನೋಡಬೇಕು, ಹೀಗೆ ಸ್ವಲ್ಪ ಸ್ವಲ್ಪವಾಗಿ ತಲೆಯೆತ್ತಬೇಕು. ಹೆಚ್ಚಿನವರು ಅಷ್ಟೊಂದು ಆಕಾಶ ಕಂಡ ಕೂಡಲೇ ಬೋರಲು ಬಿದ್ದು ಹುಲ್ಲನ್ನು ಹಿಡಿದುಕೊಳ್ಳುತ್ತಾರೆ, ಎಲ್ಲಿ ಮೇಲಕ್ಕೆ ಬಿದ್ದುಬಿಡುತ್ತೇವೋ ಎಂದು. ನಾನು ಮೂರನೆಯ ಸಲವೂ ಹುಲ್ಲು ಹಿಡಿದುಕೊಂಡೆ. ಶೇಷಿ ಕಣ್ಣು ಬಿಟ್ಟವಳೇ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತ ತಿರುಗಿದಳು.

"ಇಷ್ಟೊಂದು ಜಾಗ ಖಾಲಿ ಬಿದ್ದದಲ್ಲೆ ಅಕ್ಕ. ಯಾರದ್ದು ಇದು?"

ನಮ್ಮ ಗುಂಪಿನ ಕೂಗುಗಾರ ದುಗ್ಗಣ್ಣ ಅವಳನ್ನು ಗದರಿಸಿದ. ಕೂಗುಗಾರನೆಂದರೆ ಹತ್ತಿದವರನ್ನೆಲ್ಲ ಹೆಸರು ಹಿಡಿದು ಕೂಗಿ, ಓ ಕೇಳಿ, ತಲೆಯೆಣಿಕೆ ಸರಿಯಿದೆಯೇ ಎಂದು ನೋಡಿಕೊಳ್ಳುವವನು. ಎಲ್ಲರ ಓ ಬಾರದೆ, ಬಾರದವರಿಗೆ ಮೂರನೆಯ ಕೂಗೂ ಆಗದೆ ಗುಂಪು ಕೆಳಗಿಳಿಯುವ ಹಾಗಿಲ್ಲ. ಐವತ್ತರ ಗಂಡಸು, ಅವನ ದನಿಗೆ ಮರದಲ್ಲಿನ ಹಕ್ಕಿ ಹಾರುತ್ತದೆ. ಮರಗಡಿಯಿಂದ ಒಂದು ಕೂಗಿಗಿಂತ ದೂರ ಯಾರೂ ಹೋಗಬಾರದು ಎಂದು ಎಲ್ಲರಿಗೂ ಮತ್ತೊಮ್ಮೆ ಹೇಳಿದ. ನಾವು ಸಾಲಾಗಿ ಕೂತು ಕೀಳತೊಡಗಿದೆವು. ಬೆಳಗಿನ ಗಾಳಿ ಬೆನ್ನ ಹಿಂದಿನಿಂದ, ಕಾನಿನ ಕಡೆಯಿಂದ ಬೋಳಿನ ಕಡೆಗೆ ಬೀಸುತ್ತಿತ್ತು. ಹೆಚ್ಚಿನವು ಅಕೇಶಿಯಾ, ನಡುನಡುವೆ ನೇರಳೆ. ಬೆರಳುದ್ದದ ಸಸಿ ಸುಲಭವಾಗಿ ಬರುತ್ತದೆ. ಮೊಳದುದ್ದದ್ದು ಬೇಗ ಬಗ್ಗುವುದಿಲ್ಲ, ಬುಡ ಬಗೆದು ಬೇರಿನ ತುದಿಯವರೆಗೆ ಎಳೆಯಬೇಕು. ನಾನು ಅಂಥದ್ದೊಂದರ ಬುಡದಲ್ಲಿ ತಲೆ ಬಗ್ಗಿಸಿಕೊಂಡಿದ್ದಾಗ ಶೇಷಿಯ ದನಿ ಕೇಳಿತು.

"ಅಕ್ಕ, ಅಲ್ನೋಡು, ಒಂದು ಸಸಿ ಉಳಿದುಬಿಟ್ಟದೆ. ಇಲ್ಲೇ ಕಾಣ್ತದೆ. ಕಿತ್ತು ಬತ್ತೀನಿ."

ನಾನು ತಲೆಯೆತ್ತುವಷ್ಟರಲ್ಲಿ ಅವಳು ಹೊರಟಾಗಿತ್ತು. ಎದುರಿಗೆ ಹುಲ್ಲು, ಹುಲ್ಲಿನಾಚೆ ಇನ್ನೊಂದು ಗುಡ್ಡ, ಆ ಗುಡ್ಡದ ನೆತ್ತಿಯಲ್ಲಿ ಬೆರಳುದ್ದದ ಒಂದು ಹಸಿರು ಕಡ್ಡಿ. ಅವಳು ಅದನ್ನೇ ನೋಡಿಕೊಂಡು ಕೈ ಬೀಸುತ್ತಾ ನಡೆಯುತ್ತಿದ್ದಳು. ಅದು ಸಸಿಯಲ್ಲ. ಅದು ನಿಮ್ಮ ಅಕೇಶಿಯಾಗಳ ಸಂತಾನ, ನಾಲ್ಕು ಮನೆಯೆತ್ತರದ ಮರ. ಬೋಳಿಗೆ ಬಂದವರೆಲ್ಲ ಅದನ್ನು ನೋಡುತ್ತಾರೆ, ಯಾರೂ ಮುಟ್ಟಿಲ್ಲ. ಮುಟ್ಟಲು ಹೊರಟರೆ ಹಿಂದಿರುಗಲು ಹೊತ್ತು ಸಾಲುವುದಿಲ್ಲ. ಬೀಜ ಗಾಳಿಗೆ ಬಿಟ್ಟುಕೊಂಡು ಹಾಯಾಗಿ ನಿಂತಿದೆ. ನಮ್ಮಂಥವರಲ್ಲದೆ ಇನ್ಯಾರು ಆ ತಪ್ಪು ಮಾಡಿಯಾರು ಹೇಳಿ. ನಿಮ್ಮಲ್ಲಿ ಸಣ್ಣ ಮಗುವಿಗೂ ದೂರದ್ದು ಚಿಕ್ಕದಾಗಿ ಕಾಣುತ್ತದೆಂದು ಗೊತ್ತಿರಬೇಕು. ನಮ್ಮ ಕಣ್ಣಿಗೆ ಅದನ್ನು ಕಲಿಯಲು ಜಾಗವೇ ಸಿಕ್ಕಿಲ್ಲ.

ಶೇಷೀ ಎಂದು ಕೂಗಿದೆ. ಅವಳು ನಿಲ್ಲಲಿಲ್ಲ. ಮತ್ತೆ ಕೂಗಿದೆ. ಅವಳ ಓ ಬರಲಿಲ್ಲ. ಹುಟ್ಟಿದಾಗಿನಿಂದ ನಾನು ಕೂಗಿ ಅವಳು ಓಗೊಡದ ಒಂದು ದಿನವೂ ಇರಲಿಲ್ಲ. ಕಣ್ಣೆದುರಿಗೆ ನಡೆಯುತ್ತಿದ್ದಾಳೆ, ಕೆಂಪು ಸೀರೆ ಸ್ಪಷ್ಟವಾಗಿ ಕಾಣುತ್ತಿದೆ, ಓ ಮಾತ್ರ ಇಲ್ಲ. ನಮ್ಮಲ್ಲಿ ಹಾಗೆ ಕಂಡು ಓಗೊಡದಿರುವುದು ಹೆಣ ಒಂದೇ. ಅದೂ ಸಾಲದೆಂಬಂತೆ ಅವಳು ಚಿಕ್ಕವಳಾಗತೊಡಗಿದಳು. ದೂರ ಹೋದವರು ಹಾಗೆ ಕಾಣುತ್ತಾರೆಂದು ನನ್ನ ಬುದ್ಧಿಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ನೋಡನೋಡುತ್ತ ಮೊಣಕಾಲೆತ್ತರವಾದಳು, ಗೇಣುದ್ದವಾದಳು, ಕೊನೆಗೆ ಹುಲ್ಲಿನಲ್ಲಿ ಒಂದು ಕೆಂಪು ಹುಳುವಿನಷ್ಟಾಗಿ ಇಳಿಜಾರಿನ ಮರೆಗೆ ಹೋದಳು. ನಾನು ಓಡಿದೆ. ದುಗ್ಗಣ್ಣ ಬಂದು ರಟ್ಟೆ ಹಿಡಿದ. ಅಷ್ಟರಲ್ಲಿ ಬಿಸಿಲು ಬಿಳಿಯಾಗಿತ್ತು. ಉರಿಹೊತ್ತಿನ ಕೊಂಬು ಊದಿದರು. ನನ್ನನ್ನು ಎಳೆದುಕೊಂಡೇ ಮರಗಡಿಗೆ ತಂದರು.

ಗೂನು ಮರಗಳ ಅಡಿಯಲ್ಲಿ ಎಲ್ಲರೂ ಮುದುರಿಕೊಂಡು ಕೂತಾಗ ದುಗ್ಗಣ್ಣ ಹೆಸರು ಕೂಗಲು ನಿಂತ. ಒಬ್ಬೊಬ್ಬರೂ ಓ ಎಂದರು. ನಾನೂ ಎಂದೆ. ಕೊನೆಗೆ ಅವನು ಬೋಳಿನ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಶೇಷಿಯ ಹೆಸರು ಕೂಗಿದ. ಹುಲ್ಲಿನ ಮೇಲೆ ಬಿಸಿ ಅಲೆಯಾಡುತ್ತಿತ್ತು. ಓ ಇಲ್ಲ. ಸ್ವಲ್ಪ ತಡೆದು ಎರಡನೆಯ ಸಲ ಕೂಗಿದ. ಓ ಇಲ್ಲ. ಮೂರನೆಯದಕ್ಕೆ ಉಸಿರೆಳೆದುಕೊಂಡಾಗ ನಾನು ಹೋಗಿ ಅವನ ಬಾಯಿ ಮುಚ್ಚಿದೆ. ಪರಗಂಡಸಿನ ಬಾಯಿಗೆ ಕೈಯಿಟ್ಟೆನೆಂದು ಊರಿನಲ್ಲಿ ಈಗಲೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

"ಮೂರನೇದು ಕೂಗಬ್ಯಾಡ ದುಗ್ಗಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

"ಕೂಗದೆ ಇವ್ರನ್ನೆಲ್ಲ ಹೆಂಗೆ ಇಳಿಸ್ಲಿ ವಾರಿಜಕ್ಕ? ಕ್ರಮ ಅಂತ ಒಂದದೆ. ಬುರುಡೇಲಿ ನೀರು ಎಷ್ಟು ಉಳಿದದೆ ನೋಡು."

ಅವನು ಹೇಳಿದ್ದು ಸರಿಯೇ. ಲೆಕ್ಕ ಮುಗಿಯದೆ ಗುಂಪು ಇಳಿಯುವಂತಿಲ್ಲ. ಸೋರೆಬುರುಡೆಗಳಲ್ಲಿ ತಂದ ನೀರು ತಳ ಕಂಡಿತ್ತು. ಆದರೆ ಮೂರನೆಯ ಕೂಗಿಗೆ ಓ ಬರದಿದ್ದರೆ ಶೇಷಿ ಸತ್ತವಳು. ಸಂಜೆ ತಂಪಾದ ಮೇಲೂ ಅವಳನ್ನು ಹುಡುಕಲು ನನ್ನನ್ನು ಬಿಡುವುದಿಲ್ಲ. ಬದುಕಿದ್ದರೂ ಬಿಡುವುದಿಲ್ಲ. ನನಗೆ ಆ ಹೊತ್ತಿನಲ್ಲಿ ಎಲ್ಲಿಂದ ಬುದ್ಧಿ ಬಂತೋ, ಅವನ ಕಿವಿಯ ಹತ್ತಿರ ಹೋಗಿ ಹೇಳಿದೆ, "ನಿಂಗೆ ಗಂಟಲು ಕಟ್ಟಿಬಿಟ್ಟದೆ ದುಗ್ಗಣ್ಣ." ಕೂಗುಗಾರನ ಗಂಟಲು ಕಟ್ಟಿದರೆ ಬೇರೆ ಯಾರೂ ಅವನ ಬದಲು ಕೂಗುವಂತಿಲ್ಲ, ಅದು ಬಿಡುವ ತನಕ ಕಾಯಬೇಕು. ಅದೂ ಕ್ರಮವೇ.

ಅವನು ನನ್ನ ಮುಖ ನೋಡಿದ. ಆಮೇಲೆ ಒಮ್ಮೆ ಕೆಮ್ಮಿದ. ಗಂಟಲು ತೋರಿಸಿ ತಲೆಯಾಡಿಸಿದ. ಹೋಗಿ ಮರಕ್ಕೊರಗಿ ಕೂತ. ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿ ಪಸೆ ಆರಿದ್ದರೂ ಅಷ್ಟೂ ಜನ ಕಾಯಲು ಕೂತರು. ಯಾರೋ ತಮ್ಮ ಬುರುಡೆಯಲ್ಲಿ ಉಳಿದ ಗುಟುಕನ್ನು ದುಗ್ಗಣ್ಣನಿಗೇ ಕೊಟ್ಟರು, ಗಂಟಲಿಗೆ ಒಳ್ಳೆಯದು ಎಂದು. ನಮ್ಮ ಊರಿನವರ ಬಗ್ಗೆ ನಾನು ಮುಂದೆ ಕೆಲವು ಕಠಿಣ ಮಾತು ಬರೆಯಬೇಕಾಗಿದೆ, ಆದ್ದರಿಂದ ಇದನ್ನೂ ಬರೆದಿಡುತ್ತೇನೆ.

ಆ ಉರಿಹೊತ್ತು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಕೂಗುಗಾರನಲ್ಲದ ನನ್ನ ಕೂಗು ಲೆಕ್ಕಕ್ಕಿಲ್ಲ, ಹಾಗಾಗಿ ನಾನು ಎಷ್ಟು ಬೇಕಾದರೂ ಕೂಗಬಹುದಿತ್ತು. ಕೂಗಿದೆ. ದನಿ ಒಡೆಯುವವರೆಗೆ ಕೂಗಿದೆ. ಬೆನ್ನ ಹಿಂದಿನ ಗಾಳಿ ನನ್ನ ದನಿಯನ್ನು ಎತ್ತಿಕೊಂಡು ಹೋಗುತ್ತಿತ್ತು, ಏನನ್ನೂ ತಿರುಗಿ ತರುತ್ತಿರಲಿಲ್ಲ. ಅವಳು ಯಾವ ಕಲ್ಲಿನ ಮೇಲೆ ಬಿದ್ದಿದ್ದಾಳೋ, ಒದ್ದೆ ಬಟ್ಟೆ ಎಷ್ಟು ಹೊತ್ತಿಗೆ ಒಣಗಿರುತ್ತದೋ, ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೋ ಎಂದು ಯೋಚಿಸುತ್ತಾ ಹುಲ್ಲು ಹರಿದು ಹರಿದು ಬೆರಳು ಸೀಳಿಕೊಂಡೆ. ಬಿಸಿಲಿನ ಬಣ್ಣ ಹಳದಿಗೆ ತಿರುಗಿದ ಕೂಡಲೇ ಎದ್ದೆ. ದುಗ್ಗಣ್ಣ ನನ್ನ ಜೊತೆ ಹೊರಟ.

ಬಯಲಿನಲ್ಲಿ ಅಷ್ಟು ದೂರ ನಮ್ಮ ಕಾಲದವರು ನಡೆದೇ ಇಲ್ಲ. ಎಷ್ಟು ನಡೆದರೂ ಆ ಗುಡ್ಡ ಹತ್ತಿರವಾಗಲಿಲ್ಲ. ಅರ್ಧ ದಾರಿಯಲ್ಲಿ, ಇಳಿಜಾರಿನ ಕೆಳಗೆ, ಎರಡಾಗಿ ಸೀಳಿದ ಒಂದು ದೊಡ್ಡ ಬಂಡೆಯಿದೆ. ಅದರ ಹಿಂದೆ ನೆಲ ಕುಸಿದು ಒಂದು ತಗ್ಗಾಗಿದೆ. ಮರಗಡಿಯಿಂದ ನೋಡಿದರೆ ಬಂಡೆಯ ತುದಿ ಕೂಡ ಕಾಣುವುದಿಲ್ಲ. ನಮಗೆ ಮೊದಲು ವಾಸನೆ ಬಂತು, ಕೊಳೆತ ಹಣ್ಣಿನ ಹುಳಿವಾಸನೆ. ಆಮೇಲೆ ಕಂಡದ್ದು ಒಂದು ನೇರಳೆ ಮರ. ಹಳೆಯ ಮರ, ಗಾಳಿಗೆ ತಲೆಯೆತ್ತದೆ ತಗ್ಗಿನೊಳಗೇ ಅಗಲವಾಗಿ ಹರಡಿಕೊಂಡಿತ್ತು, ಅದರ ನೆರಳು ಒಂದು ಕೋಣೆಯಷ್ಟಿತ್ತು. ಆ ನೆರಳಿನಲ್ಲಿ ಶೇಷಿ ಅಂಗಾತ ಮಲಗಿದ್ದಳು. ಬಾಯಿ, ತುಟಿ, ಗದ್ದ ಎಲ್ಲ ಕಪ್ಪುನೀಲಿ.

ಉರಿಬಿಸಿಲಿಗೆ ಸತ್ತವರ ತುಟಿ ಆ ಬಣ್ಣಕ್ಕೆ ತಿರುಗುವುದನ್ನು ನಾನು ನೋಡಿದ್ದೇನೆ. ಕೊಂಬೆಗಳ ಅಡಿ ತೆವಳಿಕೊಂಡು ಹೋಗಿ ಅವಳ ಕೆನ್ನೆ ಮುಟ್ಟಿದೆ. ಅವಳು ಕಣ್ಣು ಬಿಟ್ಟು, ನೀಲಿ ನಾಲಿಗೆ ಹೊರಳಿಸಿ, ಸಿಡುಕಿದಳು.

"ಎಷ್ಟು ಕೂಗ್ತೀಯೆ ಮಾರಾಯ್ತಿ. ಓ ಅಂದೂ ಅಂದೂ ನನ್ನ ಗಂಟ್ಲೆಲ್ಲ ಒಣಗಿಹೋಯ್ತು. ನಿಂಗೆ ಕೇಳ್ಲಿಲ್ವಾ?"

ಪ್ರತಿ ಕೂಗೂ ಅವಳಿಗೆ ಕೇಳಿತ್ತು. ಪ್ರತಿ ಸಲವೂ ಅವಳು ಓ ಎಂದಿದ್ದಳು. ಗಾಳಿ ನನ್ನದನ್ನು ಅವಳಿಗೆ ಒಯ್ದಿತು, ಅವಳದನ್ನು ಅತ್ತಲೇ ಒಯ್ದಿತು. ಆ ಸಸಿ ಎಷ್ಟು ನಡೆದರೂ ಸಿಗದೆ ದೊಡ್ಡದಾಗುತ್ತಲೇ ಹೋದಾಗ ಅವಳಿಗೆ ಮೊದಲ ಸಲ ಭಯವಾಯಿತಂತೆ. ತಿರುಗಿ ನೋಡಿದರೆ ನಮ್ಮ ಕಾನು ಒಂದು ಕರೀ ಗೆರೆ. ತಲೆ ಸುತ್ತಿ ಉರುಳಿಕೊಂಡು ಬಂದು ಬಿದ್ದದ್ದು ಈ ತಗ್ಗಿನಲ್ಲಿ. ಇಡೀ ಉರಿಹೊತ್ತು ನೇರಳೆ ಹಣ್ಣು ಚೀಪಿಕೊಂಡು ಬಿದ್ದುಕೊಂಡಿದ್ದಳು. ದುಗ್ಗಣ್ಣ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ಅವಳಿಂದ ಒಂದು ತೋಳಿನ ದೂರದಲ್ಲಿ ನಿಂತು, ಮೆಲ್ಲಗೆ, ಮಗುವನ್ನು ಎಬ್ಬಿಸುವ ದನಿಯಲ್ಲಿ ಕೂಗಿದ, "ಶೇಷೀ."

"ಓ," ಎಂದಳು ಅವಳು, ಇವನಿಗೇನಾಯಿತು ಎಂಬ ಹಾಗೆ ನನ್ನನ್ನು ನೋಡುತ್ತಾ.

ಹಿರಿಯರೇ, ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಹಿಂದೋಲೆ ಬರೆಯುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಎಲ್ಲರೂ ನಮ್ಮನ್ನು ಅಪ್ಪಿಕೊಂಡರು, ಅತ್ತರು. ಎರಡು ದಿನ ಕಳೆದ ಮೇಲೆ ಊರಕೂಟದವರು ಸೇರಿ ಆ ನೇರಳೆಯ ಮಾತೆತ್ತಿದರು. ಬೋಳಿನಲ್ಲಿ ವರ್ಷ ವರ್ಷ ನೇರಳೆ ಸಸಿ ಎಲ್ಲಿಂದ ಬರುತ್ತವೆ ಎಂದು ತಲೆ ಕೆಡಿಸಿಕೊಂಡಿದ್ದವರಿಗೆ ತಾಯಿಮರ ಸಿಕ್ಕಿಬಿಟ್ಟಿತು. ಹಕ್ಕಿಗಳು ಹಣ್ಣು ತಿಂದು ಹುಲ್ಲಿನ ತುಂಬ ಬೀಜ ಹಾಕುತ್ತಿವೆ. ಅಲ್ಲಿಗೆ ಹೋಗಿ ಅಷ್ಟು ದೊಡ್ಡ ಮರ ಕಡಿದು ಉರಿಹೊತ್ತಿಗೆ ಮೊದಲು ಮರಳುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಕೂಟದವರು ಒಂದು ಹಿಂದೋಲೆ ಬರೆಸುತ್ತಿದ್ದಾರೆ. ಸೀಳಿದ ಬಂಡೆ, ಹಿಂದಿನ ತಗ್ಗು, ಎಲ್ಲ ಗುರುತು ಕೊಟ್ಟು, ಅಲ್ಲೊಂದು ನೇರಳೆ ಮೊಳೆತರೆ ಮೊಳಕೆಯಲ್ಲೇ ಚಿವುಟಿ ಎಂದು ನಿಮ್ಮನ್ನು ಕೇಳಲಿದ್ದಾರೆ. ಅವರ ಓಲೆ ನಾಳೆ ಹೋಗುತ್ತದೆ.

ಅವರು ಕೆಟ್ಟವರಲ್ಲ. ಹಳ್ಳ ಸೊರಗುತ್ತಿರುವುದು ನಿಜ, ಅದರ ನೀರನ್ನು ನಾನೂ ಕುಡಿಯುತ್ತೇನೆ. ಓಬಯ್ಯ ನನ್ನನ್ನು ಸಮಾಧಾನ ಮಾಡುತ್ತಾನೆ. "ಆಗಿದ್ದು ಆಗಿಹೋಯ್ತಲ್ಲೆ. ಶೇಷಿ ಒಳಗೆ ರೊಟ್ಟಿ ತಟ್ತಾ ಕೂತದೆ. ಇನ್ನೆಂತ ಹೆದ್ರಿಕೆ?" ಎನ್ನುತ್ತಾನೆ. ನನಗೂ ಅದನ್ನು ನಂಬುವ ಆಸೆ. ಆದರೆ ದುಗ್ಗಣ್ಣನ ಅಪ್ಪ ಒಂದು ಮಾತು ಹೇಳುತ್ತಾರೆ. ಆ ಎದುರು ಗುಡ್ಡದ ಮೇಲೆ ಅವರ ಹರೆಯದಲ್ಲಿ ಎರಡು ಅಕೇಶಿಯಾ ಇದ್ದವಂತೆ, ಪಕ್ಕ ಪಕ್ಕ. ಒಂದು ಬಿದ್ದದ್ದನ್ನು ಯಾರೂ ನೋಡಿಲ್ಲ, ಎರಡಿದ್ದದ್ದು ಬೇರೆ ಯಾರಿಗೂ ನೆನಪಿಲ್ಲ. ವಯಸ್ಸಾಯಿತು, ಅಜ್ಜನಿಗೆ ಅರಳುಮರಳು ಎಂದು ಊರು ನಗುತ್ತದೆ. ನಾನು ನಗಲಾರೆ. ನಿಮ್ಮಲ್ಲಿ ಯಾರೋ ಒಬ್ಬರು ಒಂದು ಹಿಂದೋಲೆ ಓದಿ, ಹೋಗಿ, ಒಂದು ಸಸಿ ಕಿತ್ತಿದ್ದರೆ? ಇಲ್ಲಿ ಅದು ಇದ್ದದ್ದೇ ಎಲ್ಲರಿಗೂ ಮರೆತುಹೋಗಿದ್ದರೆ? ನಾಳಿದ್ದು ನಾನು ಬೆಳಿಗ್ಗೆ ಎದ್ದು, ನನಗೆ ತಂಗಿಯೊಬ್ಬಳು ಬೋಳಿನಲ್ಲಿ ಸತ್ತಳು ಎಂದು ಬಹಳ ಹಿಂದಿನ ದುಃಖದ ಹಾಗೆ ನೆನೆಸಿಕೊಂಡರೆ?

ಈ ಓಲೆ ಬರೆಯುವಾಗಲೂ ಎರಡು ಸಾಲಿಗೊಮ್ಮೆ ಅವಳನ್ನು ಕೂಗುತ್ತಿದ್ದೇನೆ. ಓ ಎನ್ನುತ್ತಾಳೆ. ಈಗೀಗ ಬೈದುಕೊಂಡೇ ಎನ್ನುತ್ತಾಳೆ. ಬೈಗುಳವೂ ನನಗೆ ಸಿಹಿಯಾಗಿದೆ.

ಆ ಅಕೇಶಿಯಾವನ್ನೇ ಕೀಳಿಸು, ಆಗ ಅವಳು ಹೊರಡುವುದೇ ಇಲ್ಲವಲ್ಲ ಎಂದು ಓಬಯ್ಯ ಬುದ್ಧಿವಂತಿಕೆ ಹೇಳಿದ. ಅದರ ಮೇಲೆ ಎಷ್ಟು ಓಲೆ ಹೋದರೂ ಅದು ನಿಂತೇ ಇದೆ. ಶೇಷಿಯ ಜೀವವನ್ನು ನಾನು ಆ ನಂಬಿಕೆಯ ಮೇಲೆ ಬಿಡಲಾರೆ. ನೆತ್ತಿಯ ಮೇಲೆ ಸಾಲು ಮರ ನೆಡಬೇಡಿ ಎಂದು ನಾನೂ ಕೇಳುತ್ತೇನೆ. ಬೇಕಾದರೆ ನೆಟ್ಟದ್ದನ್ನೆಲ್ಲ ಕೀಳಿ. ನನಗೆ ಬೇಕಾದದ್ದು ಒಂದೇ ಮರ.

ನಿಮ್ಮ ಕಾಲದವರು ಬೇಸಿಗೆಯಲ್ಲಿ ಒಂದು ದಿನದ ಮಟ್ಟಿಗೆ, ಮಾಡುವ ಕೆಲಸವೇನೂ ಇಲ್ಲದೆ, ಸುಮ್ಮನೆ ಗುಡ್ಡ ಹತ್ತುತ್ತಿದ್ದಿರಂತೆ, ಅದನ್ನು ಚಾರಣ ಎನ್ನುತ್ತಿದ್ದಿರಂತೆ. ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ, ಉಲ್ಲಾಸಕ್ಕಾಗಿ ಯಾರಾದರೂ ಆ ಬಯಲಿಗೆ ಹೋಗುತ್ತಾರೆಯೇ ಎಂದು. ಆದರೆ ಆ ಸೀಳು ಬಂಡೆಯ ಮೇಲೆ ಯಾರೋ ತಮ್ಮ ಹೆಸರು ಕೆತ್ತಿದ್ದಾರೆ. ಎರಡು ಹೆಸರು, ನಡುವೆ ಏನೋ ಒಂದು ಚಿತ್ರ. ಅಕ್ಷರ ಸವೆದು ಓದಲು ಬರುವುದಿಲ್ಲ. ಅಲ್ಲಿ ಕೂತು ದಣಿವಾರಿಸಿಕೊಂಡವರು ನೇರಳೆ ತಿಂದಿದ್ದಾರೆ ಎಂದು ನನ್ನ ಅಂದಾಜು. ಹಕ್ಕಿಯೂ ತಂದಿರಬಹುದು ಎನ್ನುತ್ತಾನೆ ದುಗ್ಗಣ್ಣ. ಹಕ್ಕಿಗೆ ಓಲೆ ಬರೆಯಲು ನನಗೆ ಬರುವುದಿಲ್ಲ. ಯಾರೆಂದು ಗೊತ್ತಿಲ್ಲದ್ದರಿಂದ ಓದುತ್ತಿರುವ ನಿಮ್ಮನ್ನೇ ಕೇಳುತ್ತಿದ್ದೇನೆ.

ಕೂಟದ ಓಲೆ ನಿಮಗೆ ಮೊದಲು ಸಿಕ್ಕಿದರೆ ಓದಿ, ಅವರ ಕಷ್ಟವನ್ನೂ ತಿಳಿದುಕೊಳ್ಳಿ. ಆದರೂ ಆ ಗುಡ್ಡ ಹತ್ತಿ. ಮರಗಳು ಮುಗಿದ ಮೇಲೆ ಹುಲ್ಲಿನಲ್ಲಿ ನಡೆದು, ಇಳಿಜಾರಿನ ಕೆಳಗಿನ ಸೀಳು ಬಂಡೆಯ ಹಿಂದೆ, ಆ ತಗ್ಗಿನಲ್ಲಿ ಕೂತುಕೊಳ್ಳಿ. ಚೀಲದಲ್ಲಿ ಒಯ್ದ ನೇರಳೆ ತಿನ್ನಿ. ನೀವು ಒಳ್ಳೆಯವರು, ಗುಡ್ಡದಲ್ಲಿ ಕಸ ಬಿಡುವುದಿಲ್ಲ, ಬೀಜವನ್ನೂ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದ್ದೇನೆ. ಆ ಒಂದು ದಿನ ಹಾಗೆ ಮಾಡಬೇಡಿ. ಬಂಡೆಯ ತಂಪು ಮಗ್ಗುಲಿನ ಮಣ್ಣಿನಲ್ಲಿ ಉಗಿಯಿರಿ. ಬಾಟಲಿಯಲ್ಲಿ ನೀರು ಉಳಿದಿದ್ದರೆ ಒಂದು ಗುಟುಕು ಅದರ ಮೇಲೆ ಚೆಲ್ಲಿ. ಈ ವರ್ಷ ಆಗದು, ಮುಂದಿನ ಬೇಸಿಗೆಗೆ ನೋಡೋಣ ಎನ್ನಬೇಡಿ. ಒಂದು ಬೀಜ ಮರವಾಗಿ ಒಬ್ಬಳು ಮಲಗುವಷ್ಟು ನೆರಳು ಕೊಡಲು ಬಹಳ ಕಾಲ ಬೇಕು.

ಬೇಗ ಹೋಗಿ. ಬೋಳಿನಲ್ಲಿ ಶೇಷಿ ಆಗಲೇ ಹೊರಟಾಗಿದೆ.

ಇತಿ,
ವಾರಿಜ